ಏಳು ನಲವತ್ತರ ಟ್ಯಾಕ್ಸಿ

ನಾನು ಮೇಷ್ಟರಲ್ಲ, ಡಾಕ್ಟರೂ ಅಲ್ಲ.
ರೊವಾನಿಯೆಮಿಯ ಟ್ಯಾಕ್ಸಿಯವನು, ಪೆಂಟಿ.
ಮೂರು ವರ್ಷದಿಂದ ಬೆಳಿಗ್ಗೆ ಏಳು ನಲವತ್ತಕ್ಕೆ
ಉರ್ಹೊನ ಗೇಟಿನ ಮುಂದೆ.

ಮೂವತ್ತೊಂಬತ್ತಾದರೆ ಅವನು ಹತ್ತುವುದಿಲ್ಲ.
ನಲವತ್ತೊಂದಾದರೆ ಅಳು; ಬರಿಯ ಅಳುವಲ್ಲ ಅದು,
ಹಿಮದ ಮೇಲೆ ಬಿದ್ದು ಹೊರಳುವುದು,
ಟೊಪ್ಪಿಗೆ ಒಂದು ಕಡೆ, ಬೂಟು ಒಂದು ಕಡೆ,
ತಾಯಿ ಮರ್ಯುಕ್ಕಾ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು
ಮಾತಿಲ್ಲದೆ ಕಾಯುವುದು.
ಒಮ್ಮೆ ಅದನ್ನು ಕಂಡ ಮೇಲೆ ನಾನು
ಐದು ನಿಮಿಷ ಮೊದಲೇ ಬಂದು, ಮೂಲೆಯ ಬರ್ಚ್ ಮರದ ಹಿಂದೆ
ದೀಪ ಆರಿಸಿ ಕಳ್ಳನ ಹಾಗೆ ನಿಲ್ಲುವುದು ಕಲಿತೆ.

ಬೆಲ್ಟಿನ ಕೊಕ್ಕೆಯನ್ನು ಅವನು ಮೂರು ಸಲ ಹಾಕಿ ಬಿಚ್ಚಬೇಕು.
ಸೇತುವೆಯ ಮೇಲೆ ನಾನು ‘ನದಿ’ ಅನ್ನಬೇಕು.
ಹೆಪ್ಪುಗಟ್ಟಿ ಕಾಣದಿದ್ದರೂ ‘ನದಿ’ ಅನ್ನಬೇಕು.
ಇಷ್ಟೇ ನಮ್ಮ ಸಂಸಾರ.

ಮೇ ಕೊನೆಗೆ ಸೈಲಾ ಫೋನು ಮಾಡಿದಳು,
ಅವನಿಗೆ ಥೆರಪಿ ಕೊಡುವವಳು.
‘ಶಾಲೆ ಮುಚ್ಚುತ್ತದೆ. ಹತ್ತು ವಾರ.
ನಿಮ್ಮದೊಂದು ಫೋಟೊ ಬೇಕು, ಕಾರಿನ ಜೊತೆ,
ಕಾರು ಎಲ್ಲಿಗೂ ಹೋಗುತ್ತಿಲ್ಲ ಅಂತ ಕಾಣುವ ಹಾಗೆ.’
ಎಲ್ಲಿಗೂ ಹೋಗದ ಕಾರು ಹೇಗೆ ಕಾಣುತ್ತದೆ?
ಹೆಂಡತಿ ಯೋಚಿಸಿ, ಬಾನೆಟ್ಟಿನ ಮೇಲೆ
ಹೂವಿನ ಮೇಜುಬಟ್ಟೆ ಹಾಸಿದಳು, ಕಾಫಿ ಲೋಟ ಇಟ್ಟಳು,
ನನ್ನ ಕೈಗೊಂದು ಮೀನಿನ ಗಾಳ ಕೊಟ್ಟಳು.

ಅದೀಗ ಅವರ ಫ್ರಿಜ್ಜಿನ ಬಾಗಿಲ ಮೇಲಿದೆಯಂತೆ.
ಹಳೆಯ ಟ್ಯಾಕ್ಸಿ ಕಾರ್ಡನ್ನು ಬಿಸಾಕಿಲ್ಲ.
‘ಆಗಸ್ಟ್’ ಎಂಬ ಲಕೋಟೆಯೊಳಗೆ ಅವನೇ ಇಟ್ಟ,
ದಿನಕ್ಕೆ ನಾಲ್ಕು ಸಲ ತೆಗೆದು ನೋಡಿ ಮತ್ತೆ ಇಟ್ಟ.

ಜೂನಿನಲ್ಲಿ ನಮ್ಮೂರಲ್ಲಿ ಹೊತ್ತು ಮುಳುಗುವುದಿಲ್ಲ.
ಹೊತ್ತೇ ಮುಳುಗದ ಮೇಲೆ
‘ಹೊತ್ತಾಯಿತು, ಮಲಗು’ ಅಂತ ಯಾವ ಬಾಯಲ್ಲಿ ಹೇಳುವುದು?
ಮರ್ಯುಕ್ಕಾ ಕಿಟಕಿಗೆ ಕಂಬಳಿ ಜಡಿದು
ಕೈಯಾರೆ ರಾತ್ರಿ ಮಾಡುತ್ತಾಳೆ.
ಕಂಬಳಿಯಲ್ಲೊಂದು ತೂತು.
ಅದರಿಂದ ಬಂದ ಗೆರೆಬಿಸಿಲನ್ನು
ಬೆರಳಲ್ಲಿ ಮುಚ್ಚುತ್ತ ತೆರೆಯುತ್ತ
ಎರಡು ಗಂಟೆಯವರೆಗೂ ಉರ್ಹೊ ಎಚ್ಚರ.
ಆದರೂ ಏಳು ನಲವತ್ತಕ್ಕೆ ಗೇಟಿನ ಮುಂದೆ,
ಬೆನ್ನಿಗೆ ಖಾಲಿ ಚೀಲ.

ಇದನ್ನು ಕೇಳಿದ ದಿನ ಕೀಲಿ ಕೈಗೆತ್ತಿಕೊಂಡೆ.
ಏನು ಮಹಾ, ಹನ್ನೊಂದು ನಿಮಿಷದ ದಾರಿ!
ಸೇತುವೆ ದಾಟಿಸಿ, ‘ನದಿ’ ಅಂದು, ತಿರುಗಿ ತಂದು ಬಿಟ್ಟರಾಯಿತು.
ಸೈಲಾ ಬೇಡ ಅಂದಳು.
‘ಇವತ್ತು ಬಂದಿರಿ. ನಾಳೆ?’
ನೀನೇನು ಹೆತ್ತವಳೇ ಅಂತ ನಾಲಿಗೆ ತುದಿಗೆ ಬಂತು.
ನುಂಗಿದೆ. ಇಂದಿಗೂ ನಾಚಿಕೆ.

ಆಮೇಲೆ ಇಡೀ ಬೇಸಿಗೆ
ಬೇರೆ ಸವಾರಿ ಇದ್ದಾಗಲೂ ಆ ಬೀದಿ ಬಿಟ್ಟು
ಆಸ್ಪತ್ರೆಯ ಕಡೆಯಿಂದ ಸುತ್ತಿ ಹೋದೆ.
ಎರಡು ಯೂರೊ ಹೆಚ್ಚು ಬಂತಲ್ಲ ಅಂತ ಒಬ್ಬ ಮುದುಕಿ ಬೈದಳು.
ಬೈಸಿಕೊಂಡೆ.
ಹೋಗದೆ ಇದ್ದದ್ದಕ್ಕೆ ಮೀಟರು ಓಡುವುದಿಲ್ಲವಲ್ಲ.

ಸುದ್ದಿ ಫೋನಿನಲ್ಲೇ ಬರುತ್ತಿತ್ತು:
ಮರ್ಯುಕ್ಕಾ ಅವನನ್ನು ಗೇಟಿನಿಂದ ಎಳೆಯಲಿಲ್ಲವಂತೆ.
ತಾನೂ ಪಕ್ಕದಲ್ಲಿ ನಿಂತಳಂತೆ, ಸೊಳ್ಳೆ ಕಚ್ಚಿಸಿಕೊಂಡು.
‘ಕಾಯುವುದು’ ಅಂತಲೇ ಒಂದು ಕಾರ್ಡು ಬರೆದಳಂತೆ,
ಅದರ ಕೆಳಗೆ ‘ನಡೆಯುವುದು’.
ಮೊದಲ ದಿನ ಅಂಚೆಡಬ್ಬಿಯವರೆಗೆ.
ನಾಲ್ಕನೆಯ ದಿನ ಅದೂ ಇಲ್ಲ, ಬರೀ ಹೊರಳಾಟ.
ಜುಲೈ ನಡುವೆ ಒಂದು ಬೆಳಿಗ್ಗೆ ಸೇತುವೆ.
ಅಲ್ಲಿ ನಿಂತು ಇವಳ ಬಾಯನ್ನೇ ನೋಡಿದನಂತೆ.
ಇವಳಿಗೆ ಗೊತ್ತಿಲ್ಲ ಏನು ಹೇಳಬೇಕೆಂದು,
ನಾನು ಯಾವತ್ತೂ ಹೇಳಿರಲಿಲ್ಲ.
ಕಾದು ಕಾದು ಅವನೇ ಅಂದನಂತೆ:
‘ನದಿ.’

ಆಗಸ್ಟ್. ಬರ್ಚ್ ಮರದ ಹಿಂದೆ ಹತ್ತು ನಿಮಿಷ ಮೊದಲೇ ನಿಂತಿದ್ದೆ.
ಏಳು ನಲವತ್ತು. ಹತ್ತಿದ.
ಕೊಕ್ಕೆ ಮೂರು ಸಲ. ಒಂದಿಂಚು ಬೆಳೆದಿದ್ದಾನೆ.
ಸೇತುವೆ ಬಂತು, ಬಾಯಿ ತೆರೆದೆ,
ನನಗಿಂತ ಮೊದಲು ಅವನೇ, ‘ನದಿ.’
ನನ್ನ ಪಾಲಿನ ಮಾತು ಹೋಯಿತಲ್ಲ ಅಂತ
ಪೆಚ್ಚಾಗಿ ಗೇರು ಬದಲಿಸುತ್ತಿದ್ದೆ.
ಹಿಂದಿನಿಂದ ದನಿ:
‘ಮೀನು?’

‘ಸಿಗಲಿಲ್ಲಪ್ಪ.’

ಈಗ ದಿನಾ ಕೇಳುತ್ತಾನೆ.
ದಿನಾ ಅದನ್ನೇ ಹೇಳಬೇಕು,
ಅದೇ ದನಿಯಲ್ಲಿ, ಸೇತುವೆ ಮುಗಿಯುವುದರೊಳಗೆ.